ಒಂಬತ್ತು ವರ್ಷ, ಎರಡು ಗೆಲುವು: ಡೇನಿಯಲ್ ಸುವಾರೆಸ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೆಕ್ಸಿಕೊದ ಡೇನಿಯಲ್ ಸುವಾರೆಸ್ ಅವರ ಹೆಸರು ಎತ್ತಿದಾಗಲೆಲ್ಲ ಕಾರ್ ರೇಸ್ ನೋಡುವ ಗೆಳೆಯರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಅಮೆರಿಕದ ನಾಸ್ಕಾರ್ ಕಪ್ ಸರಣಿಯಲ್ಲಿ 2017ರಿಂದ 2025ರವರೆಗೆ ಒಂಬತ್ತು ಋತುಗಳು, ಮುನ್ನೂರಕ್ಕೂ ಹೆಚ್ಚು ರೇಸುಗಳು, ಅಷ್ಟರಲ್ಲಿ ಗೆದ್ದದ್ದು ಎರಡೇ ಎರಡು. ಹೀಗಿರುವಾಗ ಈ ಚಾಲಕನ ಬಗ್ಗೆ ನಿಮಗೆ ಇಷ್ಟೊಂದು ಗೌರವ ಏಕೆ ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಬಹುತೇಕರು ಫಾರ್ಮುಲಾ ಒನ್ ನೋಡಿ ಬೆಳೆದವರು. ಪ್ರಶ್ನೆ ನ್ಯಾಯವಾದದ್ದೇ ಆದ್ದರಿಂದ ಅದಕ್ಕೆ ವಿವರವಾಗಿಯೇ ಉತ್ತರಿಸಬೇಕು ಎನಿಸಿದೆ.

ರಸ್ತೆಯ ಕಾರುಗಳನ್ನೇ ಹೋಲುವ ಕಾರುಗಳು ಓಡುವ ನಾಸ್ಕಾರ್‌ನಂಥ ಸ್ಟಾಕ್ ಕಾರ್ ರೇಸಿಂಗ್‌ನಲ್ಲಿ ಚಾಲಕನಿಗೆ ದೊರೆತ ಸೀಟು ಯಾವುದು, ಅದು ಎಷ್ಟು ಕಾಲ ಅವನ ಕೈಯಲ್ಲಿತ್ತು ಎಂಬುದನ್ನು ನೋಡದೆ ಗೆಲುವುಗಳನ್ನು ಎಣಿಸಿದರೆ ಏನೂ ತಿಳಿಯುವುದಿಲ್ಲ ಎಂಬುದೇ ನನ್ನ ಉತ್ತರದ ತಿರುಳು. ಕಪ್ ಸರಣಿಯಲ್ಲಿ ವರ್ಷಕ್ಕೆ 36 ರೇಸುಗಳು ನಡೆಯುತ್ತವೆ, ಪ್ರತಿ ರೇಸಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 40 ಕಾರುಗಳು ಹೊರಡುತ್ತವೆ. ಗೆಲುವುಗಳ ದೊಡ್ಡ ಪಾಲು ಹೆಂಡ್ರಿಕ್, ಜೋ ಗಿಬ್ಸ್, ಪೆನ್ಸ್ಕಿಯಂಥ ಕೆಲವೇ ತಂಡಗಳಿಗೆ ಹೋಗುತ್ತದೆ. ಇದರ ಜೊತೆಗೆ 2016ರಲ್ಲಿ ಜಾರಿಗೆ ಬಂದ ಚಾರ್ಟರ್ ವ್ಯವಸ್ಥೆಯನ್ನೂ ಗಮನಿಸಬೇಕು. ನಮ್ಮಲ್ಲಿ ಖಾಸಗಿ ಬಸ್ ಮಾಲೀಕರಿಗೆ ರೂಟ್ ಪರ್ಮಿಟ್ ಹೇಗೋ, ಅಲ್ಲಿ ತಂಡಗಳಿಗೆ ಚಾರ್ಟರ್ ಹಾಗೆ. ಒಟ್ಟು 36 ಚಾರ್ಟರ್‌ಗಳಿವೆ. ಅದನ್ನು ಹೊಂದಿರುವ ಕಾರಿಗೆ ಪ್ರತಿ ರೇಸಿನಲ್ಲೂ ಜಾಗ ಖಚಿತ, ಹಣದ ಪಾಲೂ ದೊಡ್ಡದು. ಚಾರ್ಟರ್ ಇಲ್ಲದ ತಂಡವು ಉಳಿದ ನಾಲ್ಕು ಜಾಗಗಳಲ್ಲಿ ಒಂದಕ್ಕಾಗಿ ಸೆಣಸಬೇಕು. ಸುವಾರೆಸ್ ಈ ವ್ಯವಸ್ಥೆಯ ಮೇಲ್ತುದಿಯನ್ನೂ ಕೆಳತುದಿಯನ್ನೂ ನಾಲ್ಕೇ ವರ್ಷಗಳ ಅಂತರದಲ್ಲಿ ಕಂಡವರು.

ಅವರು ಹುಟ್ಟಿದ್ದು 1992ರ ಜನವರಿ 7ರಂದು, ಮೆಕ್ಸಿಕೊದ ಉತ್ತರ ಭಾಗದ ಕೈಗಾರಿಕಾ ನಗರ ಮಾಂಟೆರ್‍ರೆಯಲ್ಲಿ. ತಂದೆ ಹಳೆಯ ಕಾರುಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮೊದಲಿನ ರೂಪಕ್ಕೆ ತರುವ ಕೆಲಸ ಮಾಡುತ್ತಿದ್ದರು. ಮಗ ಬಾಲ್ಯದಲ್ಲೇ ಗೋ-ಕಾರ್ಟ್ ಓಡಿಸತೊಡಗಿ, 2010ರಲ್ಲಿ ನಾಸ್ಕಾರ್‌ನ ಮೆಕ್ಸಿಕೊ ಸರಣಿಗೆ ಬಂದು, ಆ ವರ್ಷದ ಅತ್ಯುತ್ತಮ ಹೊಸಬ ಎನಿಸಿಕೊಂಡರು. ಮೆಕ್ಸಿಕೊದಲ್ಲಿ ಪ್ರತಿಭಾವಂತ ಹುಡುಗನೊಬ್ಬನ ಕಣ್ಣು ಸಹಜವಾಗಿ ಯುರೋಪಿನ ಕಡೆಗೆ, ಫಾರ್ಮುಲಾ ಒನ್ ಕಡೆಗೆ ಹೊರಳುತ್ತದೆ. ಆ ದೇಶದ ದೊಡ್ಡ ರೇಸ್ ಟ್ರ್ಯಾಕಿಗೆ ರಿಕಾರ್ಡೊ ಮತ್ತು ಪೆಡ್ರೊ ರೋಡ್ರಿಗೆಸ್ ಸಹೋದರರ ಹೆಸರಿದೆ. ಇಬ್ಬರೂ ಫಾರ್ಮುಲಾ ಒನ್ ಚಾಲಕರು, ಇಬ್ಬರೂ ರೇಸ್ ಟ್ರ್ಯಾಕಿನಲ್ಲೇ ಪ್ರಾಣ ಕಳೆದುಕೊಂಡವರು. ಸುವಾರೆಸ್ ಮಾತ್ರ ಗಡಿಯಾಚೆಗಿನ ಸ್ಟಾಕ್ ಕಾರ್‌ಗಳತ್ತ ನೋಡಿದರು.

ಆ ಆಯ್ಕೆ ಎಷ್ಟು ಕಠಿಣವಾದದ್ದು ಎಂಬುದು ಅಂಕಿ ಅಂಶಗಳಲ್ಲಿ ಕಾಣುವುದಿಲ್ಲ. ಕಪ್ ಸರಣಿಯ ಅಮೆರಿಕನ್ ಚಾಲಕರಲ್ಲಿ ಅನೇಕರು ಪ್ರಾಥಮಿಕ ಶಾಲೆಯ ವಯಸ್ಸಿನಿಂದಲೇ ತಮ್ಮ ಊರಿನ ಸಣ್ಣ ಅಂಡಾಕಾರದ ಟ್ರ್ಯಾಕುಗಳಲ್ಲಿ ಪಳಗಿದವರು. ಸುವಾರೆಸ್ ಇಪ್ಪತ್ತರ ಆಸುಪಾಸಿನಲ್ಲಿ, ಇಂಗ್ಲಿಷ್ ಮಾತನಾಡಲು ಬಾರದೆ, ನಾರ್ತ್ ಕ್ಯಾರೊಲಿನಾಕ್ಕೆ ಬಂದರು. ಟಿ.ವಿ.ಯಲ್ಲಿ ಕಾರ್ಟೂನ್ ನೋಡಿ ಭಾಷೆ ಕಲಿತೆ ಎಂದು ಅವರೇ ಹಲವು ಬಾರಿ ಹೇಳಿದ್ದಾರೆ. ಭಾಷೆಗೂ ವೇಗಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಈ ಕ್ರೀಡೆಯ ಕೆಲಸದ ಬಗೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಸುಮಾರು ಒಂದೂವರೆ ಟನ್ ತೂಕದ ಕಾರು, ಅಕ್ಕಪಕ್ಕದಲ್ಲಿ ಅಂಗೈಯಗಲದ ಅಂತರದಲ್ಲಿ ಬೇರೆ ಕಾರುಗಳು, ಕನ್ನಡಿಯಲ್ಲಿ ಕಾಣದ ಮೂಲೆಗಳು. ಟ್ರ್ಯಾಕಿನ ಮೇಲುಗಡೆ ನಿಂತ ಸ್ಪಾಟರ್ ಎಂಬ ಸಹಾಯಕ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರು ಬರುತ್ತಿದ್ದಾರೆ ಎಂದು ರೇಡಿಯೊದಲ್ಲಿ ಒಂದೇ ಸಮನೆ ಹೇಳುತ್ತಿರುತ್ತಾನೆ. ಅದನ್ನು ಮನಸ್ಸಿನಲ್ಲಿ ತನ್ನ ಭಾಷೆಗೆ ತಿರುಗಿಸಿಕೊಳ್ಳುವಷ್ಟು ಸಮಯವೂ ಚಾಲಕನಿಗಿರುವುದಿಲ್ಲ. ಇತ್ತ ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತಿದೆಯೇ, ಹಿಂದಿನ ಚಕ್ರವೇ, ತಿರುವಿಗೆ ಇಳಿಯುವಾಗಲೇ, ನಡುವಿನಲ್ಲೇ, ಹೊರಬರುವಾಗಲೇ ಎಂಬುದನ್ನು ಚಾಲಕನು ಕಾರಿನ ಹೊಂದಾಣಿಕೆಯ ಹೊಣೆ ಹೊತ್ತ ಕ್ರ್ಯೂ ಚೀಫ್‌ಗೆ ತಪ್ಪಿಲ್ಲದೆ ತಿಳಿಸಿದರೆ ಮಾತ್ರ ಮುಂದಿನ ಪಿಟ್ ಸ್ಟಾಪ್‌ನಲ್ಲಿ ಕಾರು ಸರಿಹೋಗುತ್ತದೆ. ನಾಲಿಗೆ ತಡವರಿಸಿದರೆ ಒಳ್ಳೆಯ ಕಾರೂ ಹಿಂದೆ ಬೀಳುತ್ತದೆ. ಇಷ್ಟನ್ನೂ ದೊಡ್ಡವನಾದ ಮೇಲೆ, ಪರದೇಶದಲ್ಲಿ, ರೇಸುಗಳ ನಡುವೆಯೇ ಕಲಿತ ಮನುಷ್ಯ ಇವರು ಎಂಬುದನ್ನು ನಾನು ಎಂದೂ ಮರೆಯಲಾರೆ.

ಅಲ್ಲಿಂದ ಮುಂದಿನ ಏರಿಕೆ ವೇಗವಾಗಿಯೇ ನಡೆಯಿತು. ಅಲ್ಪಸಂಖ್ಯಾತ ಸಮುದಾಯಗಳ ಚಾಲಕರಿಗೆ ಅವಕಾಶ ಕಲ್ಪಿಸುವ ನಾಸ್ಕಾರ್‌ನ ಯೋಜನೆಯ ಮೂಲಕ ಅವರು ರೆವ್ ರೇಸಿಂಗ್ ತಂಡದಲ್ಲಿ ಪ್ರಾದೇಶಿಕ ಸರಣಿಯ ರೇಸುಗಳನ್ನು ಓಡಿಸಿದರು. 2015ರಲ್ಲಿ ಜೋ ಗಿಬ್ಸ್ ತಂಡ ಅವರನ್ನು ಕಪ್ ಸರಣಿಗಿಂತ ಒಂದು ಮೆಟ್ಟಿಲು ಕೆಳಗಿನ ಎಕ್ಸ್‌ಫಿನಿಟಿ ಸರಣಿಗೆ ತೆಗೆದುಕೊಂಡಿತು. ಮರುವರ್ಷ ಜೂನ್‌ನಲ್ಲಿ ಮಿಷಿಗನ್ ಟ್ರ್ಯಾಕಿನಲ್ಲಿ, ಆ ಸರಣಿಯಲ್ಲಿ ಅತಿ ಹೆಚ್ಚು ಗೆಲುವಿನ ದಾಖಲೆ ಹೊಂದಿದ್ದ ಕೈಲ್ ಬುಶ್ ಅವರನ್ನು ಕೊನೆಯ ಲ್ಯಾಪಿನಲ್ಲಿ ಹಿಂದಿಕ್ಕಿ ಸುವಾರೆಸ್ ಗೆದ್ದರು. ನಾಸ್ಕಾರ್‌ನ ರಾಷ್ಟ್ರೀಯ ಮಟ್ಟದ ಸರಣಿಯೊಂದರಲ್ಲಿ ಮೆಕ್ಸಿಕೊದ ಚಾಲಕನಿಗೆ ದೊರೆತ ಮೊದಲ ಗೆಲುವು ಅದು. ನವೆಂಬರ್‌ನಲ್ಲಿ ಹೋಮ್‌ಸ್ಟೆಡ್‌ನ ಅಂತಿಮ ರೇಸಿಗೆ ಪ್ರಶಸ್ತಿಯ ಅವಕಾಶ ಉಳಿಸಿಕೊಂಡಿದ್ದವರು ನಾಲ್ವರು: ಸುವಾರೆಸ್, ಎಲಿಯಟ್ ಸ್ಯಾಡ್ಲರ್, ಜಸ್ಟಿನ್ ಆಲ್ಗೇಯರ್ ಮತ್ತು ಎರಿಕ್ ಜೋನ್ಸ್. ಅಂದು ಸುವಾರೆಸ್ ರೇಸನ್ನೂ ಗೆದ್ದರು, ಪ್ರಶಸ್ತಿಯನ್ನೂ ಗೆದ್ದರು. ಅಮೆರಿಕದ ಹೊರಗೆ ಹುಟ್ಟಿದ ಚಾಲಕನೊಬ್ಬ ನಾಸ್ಕಾರ್‌ನ ರಾಷ್ಟ್ರೀಯ ಸರಣಿಯ ಚಾಂಪಿಯನ್ ಆದದ್ದು ಅದೇ ಮೊದಲು. ಗೆಲುವುಗಳ ಲೆಕ್ಕ ಕೇಳುವವರು ಈ ವರ್ಷವನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಅತ್ಯಂತ ದೊಡ್ಡ ತಿರುವು 2017ರ ಜನವರಿಯಲ್ಲಿ ಬಂದಿತು. ಜೋ ಗಿಬ್ಸ್ ತಂಡದ ಕಾರ್ಲ್ ಎಡ್ವರ್ಡ್ಸ್, ಋತು ಆರಂಭವಾಗಲು ಕೆಲವೇ ವಾರಗಳಿರುವಾಗ, ತಾವು ರೇಸಿಂಗ್‌ನಿಂದ ದೂರ ಸರಿಯುವುದಾಗಿ ಪ್ರಕಟಿಸಿದರು. ತಂಡವು ಆ 19ನೇ ನಂಬರಿನ ಕಾರನ್ನು, ಒಂದೇ ಒಂದು ಕಪ್ ರೇಸಿನ ಅನುಭವವೂ ಇಲ್ಲದ, 25 ವರ್ಷದ ಸುವಾರೆಸ್ ಅವರಿಗೆ ಕೊಟ್ಟಿತು. ಎಕ್ಸ್‌ಫಿನಿಟಿಯಲ್ಲಿ ಇನ್ನೊಂದು ವರ್ಷ ಮಾಗಬೇಕಾಗಿದ್ದ ಚಾಲಕನಿಗೆ ಅದು ಅದೃಷ್ಟವೂ ಹೌದು, ಹೊರೆಯೂ ಹೌದು. ಮೊದಲ ವರ್ಷ ಅಂಕಪಟ್ಟಿಯಲ್ಲಿ 20ನೇ ಸ್ಥಾನ, ಎರಡನೇ ವರ್ಷ 21ನೇ ಸ್ಥಾನ. ಎರಡು ವರ್ಷದಲ್ಲಿ ಗೆಲುವಿಲ್ಲ. ಅದೇ ತಂಡದ ಕೈಲ್ ಬುಶ್ ಅಂಥದೇ ಕಾರಿನಲ್ಲಿ ಸರಣಿಯಾಗಿ ಗೆಲ್ಲುತ್ತಿದ್ದುದರಿಂದ ಇಲ್ಲಿ ಕಾರಿನ ಮೇಲೆ ಹೊಣೆ ಹೊರಿಸಲು ಬರುವುದಿಲ್ಲ. ಸುವಾರೆಸ್ ಅವರ ವಿರುದ್ಧದ ವಾದದಲ್ಲಿ ನಿಜವಾದ ಬಲವಿರುವುದು ಈ ಎರಡು ವರ್ಷಗಳಿಗೆ ಸಂಬಂಧಿಸಿದಂತೆ ಮಾತ್ರ ಎಂದು ನಾನು ಒಪ್ಪುತ್ತೇನೆ.

2018ರ ಕೊನೆಗೆ ಫರ್ನಿಚರ್ ರೋ ಎಂಬ ತಂಡ ಬಾಗಿಲು ಮುಚ್ಚಿತು. ಅದರ ಚಾಲಕ, 2017ರ ಚಾಂಪಿಯನ್ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್, 19ನೇ ನಂಬರಿನ ಕಾರಿಗೆ ಬಂದರು; ಸುವಾರೆಸ್ ಸ್ಟುವರ್ಟ್-ಹಾಸ್ ತಂಡದ 41ನೇ ನಂಬರಿಗೆ ಹೋದರು. ಅಲ್ಲಿ 2019ರಲ್ಲಿ, ಋತುವಿನ ಕೊನೆಯಲ್ಲಿ ಪ್ರಶಸ್ತಿಗಾಗಿ ನಡೆಯುತ್ತಿದ್ದ 16 ಮಂದಿಯ ಪ್ಲೇಆಫ್ ಹಂತ ಕೂದಲೆಳೆಯಷ್ಟರಲ್ಲಿ ತಪ್ಪಿ, ಅವರು 17ನೆಯವರಾಗಿ ಋತು ಮುಗಿಸಿದರು. ಒಂದೇ ವರ್ಷಕ್ಕೆ ಆ ಸೀಟೂ ಕೋಲ್ ಕಸ್ಟರ್ ಅವರ ಪಾಲಾಯಿತು. 2020ರಲ್ಲಿ ಅವರಿಗೆ ಉಳಿದದ್ದು ಗಾಂಟ್ ಬ್ರದರ್ಸ್ ಎಂಬ ಪುಟ್ಟ ತಂಡ, ಅದಕ್ಕೆ ಚಾರ್ಟರ್ ಇರಲಿಲ್ಲ. ಡೇಟೋನಾ 500ರ ಅರ್ಹತಾ ರೇಸಿನಲ್ಲಿ ಅಪಘಾತವಾಗಿ, ಋತುವಿನ ಅತ್ಯಂತ ದೊಡ್ಡ ರೇಸಿಗೇ ಅವರು ಪ್ರವೇಶ ಪಡೆಯಲಿಲ್ಲ. ಎಕ್ಸ್‌ಫಿನಿಟಿ ಚಾಂಪಿಯನ್ ಆದ ನಾಲ್ಕನೆಯ ವರ್ಷದಲ್ಲಿ ಆತ ಟ್ರ್ಯಾಕಿನ ಹೊರಗೆ ನಿಂತಿದ್ದರು. ಬಹಳಷ್ಟು ಚಾಲಕರ ವೃತ್ತಿ ಇಂಥ ಹಂತದಲ್ಲಿ ಸದ್ದಿಲ್ಲದೆ ಮುಗಿದುಹೋಗುತ್ತದೆ.

ಇವರದು ಮುಗಿಯಲಿಲ್ಲ. ಮಾಜಿ ಚಾಲಕ ಜಸ್ಟಿನ್ ಮಾರ್ಕ್ಸ್ ಹೊಸದಾಗಿ ಕಟ್ಟುತ್ತಿದ್ದ, ಗಾಯಕ ಪಿಟ್‌ಬುಲ್ ಪಾಲುದಾರರಾಗಿದ್ದ ಟ್ರ್ಯಾಕ್‌ಹೌಸ್ ತಂಡದ ಮೊದಲ ಚಾಲಕರಾಗಿ ಅವರು 2021ರಲ್ಲಿ 99ನೇ ನಂಬರಿನ ಶೆವರ್ಲೆ ಏರಿದರು. ಒಂದೇ ಕಾರಿನ ಹೊಸ ತಂಡಕ್ಕೆ ಬ್ರಿಸ್ಟಲ್‌ನ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕನೇ ಸ್ಥಾನ ತಂದುಕೊಟ್ಟರು. 2022ರಲ್ಲಿ ಎಲ್ಲ ತಂಡಗಳೂ ಬಹುತೇಕ ಬಿಡಿಭಾಗಗಳನ್ನು ಗೊತ್ತುಪಡಿಸಿದ ಪೂರೈಕೆದಾರರಿಂದಲೇ ಕೊಳ್ಳಬೇಕಾದ ಹೊಸ ಮಾದರಿಯ ಕಾರು ಬಂದು, ದೊಡ್ಡ ತಂಡಗಳಿಗೂ ಸಣ್ಣ ತಂಡಗಳಿಗೂ ಇದ್ದ ಅಂತರ ಕಿರಿದಾಯಿತು. ಆ ವರ್ಷದ ಜೂನ್ 12ರಂದು ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ, ತಮ್ಮ 195ನೇ ಕಪ್ ರೇಸಿನಲ್ಲಿ, ಕ್ರಿಸ್ ಬುಶರ್ ಅವರನ್ನು ಹಿಂದೆಯೇ ಉಳಿಸಿ ಸುವಾರೆಸ್ ಗೆದ್ದರು. ಕಪ್ ರೇಸ್ ಗೆದ್ದ ಮೊದಲ ಮೆಕ್ಸಿಕನ್ ಅವರು. ಅಮೆರಿಕದ ಹೊರಗೆ ಹುಟ್ಟಿದವರಲ್ಲಿ ಮಾರಿಯೊ ಆಂಡ್ರೆಟ್ಟಿ, ಅರ್ಲ್ ರಾಸ್, ಹುವಾನ್ ಪಾಬ್ಲೊ ಮೊಂಟೋಯಾ ಮತ್ತು ಮಾರ್ಕಸ್ ಆಂಬ್ರೋಸ್ ನಂತರ ಐದನೆಯವರು. ಮೆಕ್ಸಿಕೊದಲ್ಲಿ ಹಬ್ಬ, ಹುಟ್ಟುಹಬ್ಬಗಳಲ್ಲಿ ಮಕ್ಕಳು ಒಡೆಯುವ ಬಣ್ಣದ ಕಾಗದದ ಪಿನ್ಯಾಟಾವನ್ನು ಅವರು ಅಂದು ಗೆಲುವಿನ ಸಂಭ್ರಮದಲ್ಲಿ ಒಡೆದರು.

ಫಾರ್ಮುಲಾ ಒನ್ ಪ್ರಿಯ ಗೆಳೆಯರಿಗೆ ಇಲ್ಲಿ ನಾನು ಸೆರ್ಜಿಯೊ ಪೆರೆಸ್ ಅವರನ್ನು ನೆನಪಿಸುತ್ತೇನೆ. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದಲ್ಲಿ 2014ರಿಂದ ಓಡಿಸಿದ ಪೆರೆಸ್ ನಮ್ಮವರಿಗೆ ಪರಿಚಿತರು, ಮೆಚ್ಚಿನವರು. ಅವರಿಗೆ ಮೊದಲ ಗೆಲುವು ಸಿಕ್ಕಿದ್ದು 2020ರ ಸಾಖೀರ್ ಗ್ರ್ಯಾನ್ ಪ್ರಿಯಲ್ಲಿ, 190ನೇ ರೇಸಿನಲ್ಲಿ. ಅಷ್ಟು ಕಾಲ ನಡುಮಟ್ಟದ ಕಾರುಗಳಲ್ಲಿ ದುಡಿದ ಪೆರೆಸ್ ಅವರ ತಾಳ್ಮೆಯನ್ನು ಕೊಂಡಾಡುವವರು ಸುವಾರೆಸ್ ವಿಷಯದಲ್ಲಿ ಮಾತ್ರ ಗೆಲುವಿನ ಪಟ್ಟಿ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯ ಗೆಲುವು 2024ರ ಫೆಬ್ರವರಿ 25ರಂದು ಅಟ್ಲಾಂಟಾದಲ್ಲಿ. ಎರಡನೇ ಲ್ಯಾಪಿನಲ್ಲೇ ನಡೆದ ಸರಣಿ ಅಪಘಾತದಲ್ಲಿ ಅವರ ಕಾರೂ ಸಿಲುಕಿತ್ತು. ಹಾನಿಗೊಂಡ ಕಾರನ್ನು ಸರಿಪಡಿಸಿಕೊಂಡು, ಹಿಂದಿನಿಂದ ಮತ್ತೆ ಮೇಲೆ ಬಂದು, ಕೊನೆಗೆ ರಯಾನ್ ಬ್ಲೇನಿ ಮತ್ತು ಕೈಲ್ ಬುಶ್ ಅವರೊಡನೆ ಮೂರು ಕಾರುಗಳು ಒಂದೇ ಸಾಲಿನಲ್ಲಿ ಗೆರೆ ಮುಟ್ಟಿದಾಗ, ಸುವಾರೆಸ್ ಬ್ಲೇನಿಗಿಂತ 0.003 ಸೆಕೆಂಡಿನಷ್ಟು, ಬುಶ್‌ಗಿಂತ 0.007 ಸೆಕೆಂಡಿನಷ್ಟು ಮುಂದಿದ್ದರು. ಇದನ್ನು ಬರೀ ಅದೃಷ್ಟ ಎನ್ನುವವರು ಕೊನೆಯ ಲ್ಯಾಪನ್ನು ಮತ್ತೊಮ್ಮೆ ನೋಡಬೇಕು. ಇಂಥ ಟ್ರ್ಯಾಕಿನಲ್ಲಿ ಪಕ್ಕದ ಕಾರಿಗೆ ಎಷ್ಟು ಹತ್ತಿರ ಹೋದರೆ ಅದರ ಸುತ್ತಲಿನ ಗಾಳಿ ಅದನ್ನು ಹಿಡಿದು ನಿಧಾನಿಸುತ್ತದೆ, ಎಷ್ಟು ದೂರವಿದ್ದರೆ ತನ್ನ ಕಾರು ಹಗುರವಾಗಿ ಮುನ್ನುಗ್ಗುತ್ತದೆ ಎಂಬ ಅಂದಾಜು ಕಣ್ಣಿಗಿಂತ ಹೆಚ್ಚಾಗಿ ಮೈಗೆ ತಿಳಿಯಬೇಕಾದದ್ದು. ಇಬ್ಬರು ಚಾಂಪಿಯನ್ನರ ಎದುರು ಅದನ್ನು ಸರಿಯಾಗಿ ಅಂದಾಜು ಮಾಡಿದವರು ಅಂದು ಇವರೊಬ್ಬರೇ.

ಅವರ ವೃತ್ತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ದಿನ ಮಾತ್ರ ಕಪ್ ಸರಣಿಯ ಲೆಕ್ಕಕ್ಕೇ ಬರುವುದಿಲ್ಲ. 2025ರ ಜೂನ್‌ನಲ್ಲಿ ನಾಸ್ಕಾರ್ ಮೆಕ್ಸಿಕೊ ಸಿಟಿಯ ರೋಡ್ರಿಗೆಸ್ ಸಹೋದರರ ಟ್ರ್ಯಾಕಿಗೆ ಬಂದಿತು. ಅಂಕಗಳುಳ್ಳ ಕಪ್ ರೇಸೊಂದು ಅಮೆರಿಕದ ಹೊರಗೆ ನಡೆದು 1958ರಿಂದ ಈಚೆಗೆ 67 ವರ್ಷಗಳಾಗಿದ್ದವು. ಆ ವಾರಾಂತ್ಯದ ಪ್ರಚಾರದ ಮುಖ ಸುವಾರೆಸ್ ಅವರೇ ಆಗಿದ್ದರು. ಸಂದರ್ಶನ, ಸಮಾರಂಭ, ಜನಜಂಗುಳಿಗಳ ನಡುವೆ ಉಸಿರಾಡಲೂ ಬಿಡುವಿರಲಿಲ್ಲ. ಜೂನ್ 14ರ ಎಕ್ಸ್‌ಫಿನಿಟಿ ರೇಸಿನ ಅರ್ಹತಾ ಸುತ್ತಿನಲ್ಲಿ ಅವರ ಕಾರು ಅಪಘಾತಕ್ಕೀಡಾಗಿ, ಬದಲಿ ಕಾರಿನಲ್ಲಿ ಸಾಲಿನ ಹಿಂಬದಿಯಿಂದ ಹೊರಡಬೇಕಾಯಿತು. ಆ ಕಾರಿನಲ್ಲೇ, ತನ್ನ ಜನರ ಮುಂದೆ, ಅವರು ರೇಸ್ ಗೆದ್ದರು. ಮರುದಿನದ ಕಪ್ ರೇಸನ್ನು ಅದೇ ಟ್ರ್ಯಾಕ್‌ಹೌಸ್‌ನ ಶೇನ್ ವ್ಯಾನ್ ಗಿಸ್ಬರ್ಗನ್ ಗೆದ್ದರು, ಸುವಾರೆಸ್ 19ನೆಯವರಾದರು. ಆದರೂ ಶನಿವಾರದ ಆ ಗೆಲುವನ್ನು ಕಪ್ ಪಟ್ಟಿಯ ಯಾವ ಸಾಲಿಗಿಂತಲೂ ಕಡಿಮೆ ಎಂದು ನಾನು ಎಣಿಸಲಾರೆ.

ಇದಾದ ಎರಡೂವರೆ ವಾರಗಳಲ್ಲಿ, ಜುಲೈ 1ರಂದು, ಋತುವಿನ ಕೊನೆಗೆ ಅವರೂ ಟ್ರ್ಯಾಕ್‌ಹೌಸ್ ತಂಡವೂ ಬೇರೆಯಾಗುವ ಸುದ್ದಿ ಬಂದಿತು. ಅವರ ಜಾಗಕ್ಕೆ ತಂಡ ಆರಿಸಿದ್ದು ಇನ್ನೂ ಇಪ್ಪತ್ತು ತುಂಬದ ಕಾನರ್ ಜಿಲಿಷ್ ಎಂಬ ಪ್ರತಿಭಾವಂತನನ್ನು. ಆ ವರ್ಷ ಅಂಕಪಟ್ಟಿಯಲ್ಲಿ ಸುವಾರೆಸ್ ಕೆಳಗಿದ್ದರು. ಲಾಸ್ ವೇಗಸ್‌ನ ಎರಡನೇ ಸ್ಥಾನ ಬಿಟ್ಟರೆ ಹೇಳಿಕೊಳ್ಳುವಂಥ ಫಲಿತಾಂಶ ಹೆಚ್ಚಿರಲಿಲ್ಲ. ತಂಡದ ನಿರ್ಧಾರವನ್ನು ನಾನು ಅನ್ಯಾಯ ಎನ್ನುವುದಿಲ್ಲ. ಅಗ್ರ ಚಾಲಕರಾದ ಕೈಲ್ ಲಾರ್ಸನ್, ಡೆನ್ನಿ ಹ್ಯಾಮ್ಲಿನ್ ಅವರ ಸಾಲಿನಲ್ಲಿ ಸುವಾರೆಸ್ ಅವರನ್ನು ಕೂರಿಸುವ ವಾದವೂ ನನ್ನದಲ್ಲ. ವಾರ ವಾರವೂ ಗೆಲುವಿಗೆ ಹತ್ತಿರವಿರುವ ಸಾತತ್ಯ ಅವರಿಗೆ ದಕ್ಕಲಿಲ್ಲ. ಆದರೆ ಮೂರು ಬಾರಿ ಸೀಟು ಕಳೆದುಕೊಂಡು, ಚಾರ್ಟರ್ ಇಲ್ಲದ ಕಾರಿನಿಂದ ಮತ್ತೆ ಹತ್ತಿ ಬಂದು, 2022 ಮತ್ತು 2024ರಲ್ಲಿ ಪ್ಲೇಆಫ್ ತಲುಪಿದ ಇನ್ನೊಬ್ಬ ಚಾಲಕನ ಹೆಸರು ಹೇಳಿ ಎಂದು ನಾನು ಕೇಳಿದಾಗ ಗೆಳೆಯರು ಸುಮ್ಮನಾಗುತ್ತಾರೆ. 2026ಕ್ಕೆ ಅವರು ಸ್ಪೈರ್ ತಂಡದ 7ನೇ ನಂಬರಿನ ಶೆವರ್ಲೆಗೆ ಸಹಿ ಹಾಕಿದರು, ಕಪ್ ಸರಣಿಯಲ್ಲಿ ಅದು ಅವರ ಐದನೆಯ ತಂಡ.