‘ಅಲ್ಲಿ ನೋಡೋಕೆ ಅಂಥದ್ದೇನಿದೆ?’

ದಿನಕ್ಕೆ ಒಂದೇ ಕುಟುಂಬವನ್ನು ಅಥವಾ ಒಂದೇ ಕಾರಿನಷ್ಟು ಜನರನ್ನು ಕರೆದುಕೊಂಡು ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೂ ಅದರ ಆಚೆಯ ಬಯಲಿಗೂ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಅವರ ಜೊತೆಗಿದ್ದು ತೋರಿಸಿ ಬರುವುದು ನನ್ನ ಕೆಲಸ. ನಾನು ತುಮಕೂರಿನವನು. ಬರುವವರು ಹೆಚ್ಚಾಗಿ ಬೆಂಗಳೂರಿನವರು. ಫೋನ್ ಮಾಡಿದವರು ಹೆಸರು ಹೇಳುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ದೇವರಾಯನದುರ್ಗ ತಾನೇ? ಅಲ್ಲಿ ನೋಡೋಕೆ ಅಂಥದ್ದೇನಿದೆ? ಅದಕ್ಕೆ ಗೈಡ್ ಬೇರೆ ಬೇಕಾ?’ ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ನೇರ ಉತ್ತರ. ಬೆಟ್ಟದ ಮೇಲೆ ನಿಂತು ಫೋಟೊ ತೆಗೆದುಕೊಂಡು, ಯೋಗಾನರಸಿಂಹನಿಗೆ ಕೈಮುಗಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆಗೆ ಹೋಗುವುದಷ್ಟೇ ನಿಮ್ಮ ಆಸೆಯಾಗಿದ್ದರೆ ನಾನು ಬೇಡ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, ರಸ್ತೆ ಚೆನ್ನಾಗಿದೆ, ಮ್ಯಾಪ್ ತಪ್ಪುವುದಿಲ್ಲ. ಕೈಯಲ್ಲಿ ಕಾಣುವಂತೆ ಕಡಲೆಪುರಿಯ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ. ಇದಿಷ್ಟಕ್ಕೆ ನನಗೆ ದುಡ್ಡು ಕೊಡಬೇಕಾಗಿಲ್ಲ. ಇಷ್ಟನ್ನು ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ, ಅದರಿಂದ ಆ ದಿನದ ಕೆಲಸ ಕೈತಪ್ಪಿದರೂ ನನಗೆ ಬೇಸರವಿಲ್ಲ.

ನನಗೆ ಬೇಸರ ಇರುವುದು ‘ಅಂಥದ್ದು’ ಎಂಬ ಮಾತಿನ ಮೇಲೆ. ಕೇಳುವವರು ಅಲ್ಲಿ ಏನೂ ಇಲ್ಲವೆಂದು ಆಗಲೇ ತೀರ್ಮಾನಿಸಿರುತ್ತಾರೆ, ನಾನು ವಾದ ಮಾಡಿ ಅವರನ್ನು ಒಪ್ಪಿಸಬೇಕು. ಅದಕ್ಕಿಂತ ಕೆಟ್ಟದ್ದು ‘ಕವರ್’ ಎಂಬ ಮಾತು. ‘ಒಂದು ದಿನಕ್ಕೆ ಎಷ್ಟು ಪಾಯಿಂಟ್ ಕವರ್ ಆಗುತ್ತೆ?’ ಎಂದು ಕೇಳುವವರಿಗೆ ಬೆಟ್ಟವೂ ಒಂದು ಪಾಯಿಂಟು, ಊರೂ ಒಂದು ಪಾಯಿಂಟು, ಸಾವಿರಾರು ವರ್ಷಗಳಿಂದ ಹರಿಯುತ್ತಿರುವ ಹೊಳೆಯೂ ಒಂದು ಪಾಯಿಂಟು.

2021ರ ಫೆಬ್ರವರಿಯಲ್ಲಿ ಬಂದ ಒಂದು ತಂಡವನ್ನು ನಾನು ಮರೆತಿಲ್ಲ. ಮನೆಯಿಂದಲೇ ಕೆಲಸ ಮಾಡಿ ಬೇಸತ್ತಿದ್ದ ನಾಲ್ವರು ಸಹೋದ್ಯೋಗಿಗಳು ಬಾಡಿಗೆ ಕಾರಿನಲ್ಲಿ ಬಂದಿದ್ದರು. ಏಳು ಗಂಟೆಗೆ ಬನ್ನಿ ಎಂದಿದ್ದೆ, ಬಂದದ್ದು ಹತ್ತೂವರೆಗೆ. ಅವರಲ್ಲಿ ಮುಂದಾಳಾಗಿದ್ದವರು ಇಳಿದ ಕೂಡಲೇ ಮೊಬೈಲ್ ತೆಗೆದು ಒಂಬತ್ತು ಜಾಗಗಳ ಪಟ್ಟಿ ಓದಿದರು. ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ಧಗಂಗೆ, ಶಿವಗಂಗೆ, ಗೊರವನಹಳ್ಳಿ, ಮಧುಗಿರಿ, ಮೈದನಹಳ್ಳಿ, ಕಗ್ಗಲಡು, ಮಾರ್ಕೋನಹಳ್ಳಿ. ಕಗ್ಗಲಡು ಇರುವುದು ಶಿರಾ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಜಲಾಶಯ ಇರುವುದು ದಕ್ಷಿಣದ ತುದಿಗೆ ಕುಣಿಗಲ್ ತಾಲ್ಲೂಕಿನಲ್ಲಿ. ಈ ಪಟ್ಟಿಯನ್ನು ಒಂದೇ ದಿನದಲ್ಲಿ ಮುಗಿಸಿದರೆ ನೋಡುವುದಕ್ಕೆ ಸಿಗುವುದು ರಸ್ತೆ ಮಾತ್ರ ಎಂದೆ. ‘ಫುಲ್ ಡೇ ಚಾರ್ಜ್ ತಗೋತೀರಲ್ಲ’ ಎಂದರು.

ನಾಮದ ಚಿಲುಮೆಗೆ ಹೋದೆವು. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಡುವುದಕ್ಕೆ ನೀರು ಸಿಗದೆ ಬಾಣ ಬಿಟ್ಟನಂತೆ, ಬಂಡೆ ಸೀಳಿ ನೀರು ಬಂತಂತೆ. ಬಂಡೆಯಲ್ಲಿ ಒಂದು ಚಿಕ್ಕ ಕುಳಿ, ಅದರಲ್ಲಿ ತಿಳಿನೀರು, ಕಣ್ಣಿಗೆ ಕಾಣುವುದು ಅಷ್ಟೇ. ಅವರು ಬಗ್ಗಿ ನೋಡಿ, ನಾನು ಬಾಯಿ ತೆರೆಯುವ ಮೊದಲೇ ನೆಟ್ಟಗೆ ನಿಂತು, ‘ಇಷ್ಟೇನಾ?’ ಎಂದರು. ನಾಲ್ವರೂ ಜಿಂಕೆಗಳಿದ್ದ ಕಡೆ ಹೊರಟರು. ಆ ‘ಇಷ್ಟೇನಾ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ನನ್ನ ಮನೆಗೆ ಬಂದವರು ಹೊಸಿಲಲ್ಲೇ ನಿಂತು ಒಳಗೆ ಇಣುಕಿ ಹಾಗೆಂದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಕುಳಿಯ ಹತ್ತಿರ ಉಳಿದವನು ಅವರ ಕಾರಿನ ಚಾಲಕ. ಸಾಮಾನ್ಯವಾಗಿ ಬಾಡಿಗೆ ಕಾರಿನ ಚಾಲಕರು ಸೀಟು ಹಿಂದಕ್ಕೆ ಒರಗಿಸಿಕೊಂಡು ಮಲಗುತ್ತಾರೆ, ರಾತ್ರಿಯೆಲ್ಲ ಓಡಿಸಿರುವ ಅವರಿಗೆ ಆ ನಿದ್ದೆ ಬೇಕೇ ಬೇಕು. ಈತ ಮಲಗದೆ ನಮ್ಮ ಹಿಂದೆಯೇ ಬಂದಿದ್ದ. ನೀರನ್ನು ಸ್ವಲ್ಪ ಹೊತ್ತು ನೋಡಿ, ‘ಅಣ್ಣಾ, ಬೇಸಿಗೇಲೂ ಇರ್ತೈತಾ ಇದು?’ ಎಂದು ಕೇಳಿದ. ಇರುತ್ತದೆ ಎಂದೆ. ‘ಎಲ್ಲಿಂದ ಬತ್ತೈತೆ ಹಂಗಾದ್ರೆ?’ ಎಂದ.

ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೆ. ‘ಅಂಥದ್ದೇನಿದೆ’ ಎಂದು ಕೇಳುವ ಬದಲು ‘ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿದರೆ, ಒಂದು ದಿನವಲ್ಲ, ಮೂರು ದಿನ ಜೊತೆಗೆ ತಿರುಗುವುದಕ್ಕೂ ನಾನು ಸಿದ್ಧ.

ಆತನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ರಾಮನಗರದಿಂದ ಶಿವಗಂಗೆ, ದೇವರಾಯನದುರ್ಗ, ಮಧುಗಿರಿಗಳ ಮೂಲಕ ಉತ್ತರಕ್ಕೆ ಪಾವಗಡದ ಕಡೆಗೆ ಸಾಗುವ ಈ ಕಲ್ಲುಬೆಟ್ಟಗಳ ಸಾಲು ಒಂದೇ ಬಗೆಯ ಗ್ರಾನೈಟಿನದು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕರೆಯುತ್ತಾರೆ, ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಡಿಯಾದ ಬಂಡೆ ನೀರು ಕುಡಿಯುವುದಿಲ್ಲ. ಆದರೆ ಬಂಡೆಯ ಬಿರುಕುಗಳೂ ಬಂಡೆ ಸವೆದು ಪುಡಿಯಾದ ಪದರವೂ ಕುಡಿಯುತ್ತವೆ. ಕಾಡಿನ ತರಗೆಲೆಯೂ ಬೇರುಗಳೂ ಮಳೆಯ ನೀರನ್ನು ಓಡದಂತೆ ತಡೆದು ಆ ಬಿರುಕುಗಳಿಗೆ ಇಳಿಸುತ್ತವೆ. ಹಾಗೆ ಇಳಿದ ನೀರು ತಿಂಗಳುಗಟ್ಟಲೆ ಒಳಗೊಳಗೇ ಸಾಗಿ, ಕೆಳಗೆ ಎಲ್ಲಿ ಬಾಯಿ ಸಿಗುತ್ತದೋ ಅಲ್ಲಿ ಚಿಲುಮೆಯಾಗುತ್ತದೆ. ಮೇಲಿನ ಇಳಿಜಾರಿನಲ್ಲಿ ಜಾಲಾರಿ, ಮುತ್ತುಗ, ಕಕ್ಕೆ ಮರಗಳು ಇರುವವರೆಗೆ ಈ ಕುಳಿಯಲ್ಲಿ ನೀರು ಇರುತ್ತದೆ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯಿಂದ ಕಾಡಿಗೆ ಬೆಂಕಿ ಬಿದ್ದಾಗ ನನಗೆ ಮೊದಲು ನೆನಪಾಗುವುದು ಈ ಕುಳಿ.

ಆತ ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಕಡೆಯವನು. ಅವರೂರಿನಲ್ಲೂ ಚಿಕ್ಕಂದಿನಲ್ಲಿ ಒಂದು ತಲಪರಿಗೆ ಇತ್ತೆಂದೂ, ಈಗ ಅದರ ಗುಂಡಿಯೂ ಕಾಣುವುದಿಲ್ಲವೆಂದೂ ಹೇಳಿದ. ಬೆಂಗಳೂರಿನವರಿಗೆ ಈ ಮಾತು ಗೊತ್ತಿರಲಾರದು. ನಮ್ಮ ಜಿಲ್ಲೆಯ ಉತ್ತರ ಭಾಗದಲ್ಲಿ, ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ, ಕೆರೆಯಂಗಳದಲ್ಲೋ ಹಳ್ಳದ ದಂಡೆಯಲ್ಲೋ ಒರತೆ ಇರುವ ಜಾಗವನ್ನು ಗುರುತಿಸಿ, ಅಲ್ಲಿ ತೋಡಿ, ಕಾಲುವೆ ಮಾಡಿ ಆ ನೀರನ್ನು ಹೊಲಗದ್ದೆಗೆ ಹರಿಸುತ್ತಿದ್ದರು. ಅದೇ ತಲಪರಿಗೆ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ, ಹೊಳೆಯ ಮರಳು ಲಾರಿ ಹತ್ತಿ ಹೋದಂತೆ ಒರತೆಗಳು ಒಂದೊಂದಾಗಿ ಬತ್ತಿದವು. ನಾಮದ ಚಿಲುಮೆ ದೇವರ ಕಥೆಯಿಂದ ಉಳಿದುಕೊಂಡಿತು, ಕಥೆ ಇಲ್ಲದ ನೂರಾರು ಚಿಲುಮೆಗಳು ಹೋದವು.

ಆಮೇಲೆ ಬೆಟ್ಟ ಹತ್ತಿದೆವು. ಈ ಬೆಟ್ಟಕ್ಕೆ ಮೊದಲು ಆನೆಬಿದ್ದಸರಿ ಎಂದೂ, ನಂತರ ಜಡಕನದುರ್ಗ ಎಂದೂ ಹೆಸರಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಇದು ದೇವರಾಯನದುರ್ಗವಾಯಿತು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ಮೇಲೆ ತಲುಪುತ್ತಿದ್ದಂತೆ ಮುಂದಾಳು ಮತ್ತೆ ಅದೇ ಪ್ರಶ್ನೆ ಕೇಳಿದರು: ‘ವ್ಯೂ ಓಕೆ. ಇನ್ನೇನಿದೆ ಇಲ್ಲಿ?’

ನನಗೆ ಸಿಟ್ಟು ಬಂತು. ಗಿರಾಕಿಗಳ ಎದುರು ಸಿಟ್ಟಾಗಬಾರದು ಎಂಬುದು ನನಗೂ ಗೊತ್ತು, ಆದರೂ ಅವರ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಕೇಳಿ ತೆಗೆದುಕೊಂಡು ಒಂದು ಕಡೆ ಬಂಡೆಯ ಮೇಲೆ ಸ್ವಲ್ಪ ಸುರಿದೆ. ಈ ಕಡೆ ಇಳಿದ ನೀರು ಶಿಂಷಾ ಆಗುತ್ತದೆ, ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ, ಮದ್ದೂರಿನ ಗದ್ದೆಗಳನ್ನು ದಾಟಿ ಕಾವೇರಿ ಸೇರುತ್ತದೆ ಎಂದೆ. ಇನ್ನೊಂದು ಕಡೆಗೆ ತಿರುಗಿ ಉಳಿದದ್ದನ್ನು ಸುರಿದೆ. ಈ ಕಡೆ ಇಳಿದದ್ದು ಜಯಮಂಗಲಿ. ಅದು ಕೊರಟಗೆರೆ, ಮಧುಗಿರಿಯ ಸೀಮೆಯಲ್ಲಿ ಉತ್ತರಕ್ಕೆ ಹರಿದು, ಹಿಂದೂಪುರದ ಹತ್ತಿರ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಒಂದೇ ಮಳೆ, ಒಂದೇ ಬೆಟ್ಟ. ಒಂದು ಪಾಲು ತಮಿಳುನಾಡಿನಲ್ಲಿ ಸಮುದ್ರಕ್ಕೆ ಸೇರುತ್ತದೆ, ಇನ್ನೊಂದು ಪಾಲು ಆಂಧ್ರದ ನೆಲ್ಲೂರಿನ ಕಡೆ ಅದೇ ಸಮುದ್ರಕ್ಕೆ ಸೇರುತ್ತದೆ. ‘ಇಲ್ಲಿ ಇರುವುದು ಇದು’ ಎಂದೆ. ನನ್ನ ಧ್ವನಿ ಜೋರಾಗಿಯೇ ಇತ್ತು.

ಅವರು ಖಾಲಿ ಬಾಟಲಿಯನ್ನು ನೋಡುತ್ತಿದ್ದರು. ಚಾಲಕ ಮಾತ್ರ, ‘ಪಿನಾಕಿನಿ ಅಂದ್ರೆ ನಮ್ಮೂರ ಹೊಳೆ ಅಲ್ವೇನಣ್ಣ?’ ಎಂದ. ಹೌದು. ಪರಿಗಿಯ ಕೆಳಗೆ ಪಿನಾಕಿನಿ ಮತ್ತೆ ಕರ್ನಾಟಕಕ್ಕೆ ಬಂದು ನಾಗಲಮಡಿಕೆಯ ಮೂಲಕವೇ ಹಾದು ಹೋಗುತ್ತದೆ. ತನ್ನೂರಿನ ಹೊಳೆಗೆ ನೀರು ಬರುವ ಬೆಟ್ಟದ ಮೇಲೆ ತಾನು ನಿಂತಿದ್ದೇನೆಂದು ತಿಳಿದ ಮೇಲೆ ಆತ ಬಹಳ ಹೊತ್ತು ಆ ಉತ್ತರದ ದಿಕ್ಕನ್ನೇ ನೋಡಿದ. ಹೊಳೆಯಲ್ಲಿ ನೀರು ನೋಡಿ ಎಷ್ಟೋ ವರ್ಷಗಳಾದವು ಎಂದ.

ಆ ದಿನ ನಾನು ಒಂಬತ್ತರ ಪಟ್ಟಿಯನ್ನು ಬಿಟ್ಟು ಜಯಮಂಗಲಿಯ ಜಾಡು ಹಿಡಿದೆ. ಗೊರವನಹಳ್ಳಿಯ ಹತ್ತಿರದ ತೀತಾ ಜಲಾಶಯ, ಮಧುಗಿರಿಯ ಕೋಟೆಬೆಟ್ಟದ ಬುಡ, ಕೊನೆಗೆ ಬಿಸಿಲು ಇಳಿದ ಮೇಲೆ ಮೈದನಹಳ್ಳಿ. ಅಲ್ಲಿನ ಕೃಷ್ಣಮೃಗ ಸಂರಕ್ಷಣಾ ಮೀಸಲಿಗೆ ಇಟ್ಟಿರುವ ಹೆಸರು ಈ ಹೊಳೆಯದೇ. 2007ರಲ್ಲಿ ಘೋಷಣೆಯಾದ, 798 ಎಕರೆಯ ಹುಲ್ಲುಗಾವಲು ಅದು. ಹುಲ್ಲುಗಾವಲನ್ನು ನಮ್ಮವರು ಪಾಳುಭೂಮಿ ಎಂದುಕೊಂಡು ನೀಲಗಿರಿ ನೆಡುತ್ತಿದ್ದರು. ಆದರೆ ಕೃಷ್ಣಮೃಗಕ್ಕೆ ಬೇಕಾದದ್ದು ಬಯಲೇ. ದೂರದಿಂದ ಅಪಾಯ ಕಂಡರೆ ಓಡಿ ಬದುಕುವ ಪ್ರಾಣಿಗೆ ಮರಗಳ ಮರೆ ಬೇಡ, ತೆರೆದ ನೆಲ ಬೇಕು. ಅಲ್ಲಿ ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಬೇಕು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಅವು ತಲೆ ಎತ್ತಿದ ಕೂಡಲೇ ಇದ್ದಲ್ಲೇ ನಿಲ್ಲಬೇಕು. ಎರಡು ಬಸ್ಸಿನ ಜನರನ್ನು ಕರೆತಂದು ಇದನ್ನು ಮಾಡಿಸುವುದಕ್ಕೆ ಆಗುವುದಿಲ್ಲ. ದಿನಕ್ಕೆ ಒಂದೇ ಕಾರು ಎಂದು ನಾನು ಹಠ ಹಿಡಿಯುವುದು ಇದಕ್ಕಾಗಿಯೇ.

ನಿಂತೆವು. ಸುಮಾರು ಇಪ್ಪತ್ತು ನಿಮಿಷದ ಮೇಲೆ, ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ, ತಿರುಚು ಕೊಂಬಿನ ಒಂದು ಗಂಡು ಹುಲ್ಲಿನ ನಡುವಿನಿಂದ ಎದ್ದು ಬಂತು, ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳು. ನಾಲ್ವರಲ್ಲಿ ಒಬ್ಬಾಕೆ ಮೊಬೈಲನ್ನು ಕೆಳಗಿಳಿಸಿ ಬರಿಗಣ್ಣಿನಲ್ಲಿ ನೋಡಿದರು. ಆಕೆ ಆಮೇಲೆ ಮಳೆಗಾಲದಲ್ಲಿ ತಂದೆತಾಯಿಯನ್ನು ಕರೆದುಕೊಂಡು ಮತ್ತೆ ಬಂದರು. ಮುಂದಾಳು ಹೊರಡುವಾಗ ದುಡ್ಡು ಎಣಿಸಿ ಕೊಟ್ಟು, ‘ಶಿವಗಂಗೆ ಮಿಸ್ ಆಯ್ತು’ ಎಂದರು. ಅವರು ಮತ್ತೆ ಬರಲಿಲ್ಲ.

ಹಾಗಾಗಿ, ನನ್ನ ಜೊತೆ ಬರುವುದಾದರೆ ಏಳು ಗಂಟೆಗೆ ತುಮಕೂರಿನಲ್ಲಿ ಇರಿ. ಬೆಳಗಿನ ಹೊತ್ತಿನಲ್ಲೇ ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಕಾಣುವುದು. ದಕ್ಷಿಣದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ ಅದು, ಬಿಸಿಲೇರಿದ ಮೇಲೆ ಹುಡುಕಿದರೆ ಸಿಗುವುದು ಕಷ್ಟ. ನಾಲ್ಕು ಜಾಗಕ್ಕಿಂತ ಹೆಚ್ಚು ನಾನು ತೋರಿಸುವುದಿಲ್ಲ. ಸ್ಪೀಕರ್ ತರಬೇಡಿ. ಚಾಲಕನನ್ನೂ ಇಳಿದು ಬರುವುದಕ್ಕೆ ಹೇಳಿ, ಅವನ ಊಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅದೇ ವರ್ಷದ ನವೆಂಬರಿನಲ್ಲಿ ವಾರಗಟ್ಟಲೆ ಮಳೆ ಹಿಡಿಯಿತು. ಜಯಮಂಗಲಿ ದಂಡೆ ಮೀರಿ ಹರಿಯಿತು. ಒಂದು ಬೆಳಗ್ಗೆ ಗುರುತಿಲ್ಲದ ಸಂಖ್ಯೆಯಿಂದ ಫೋನ್ ಬಂತು. ಮತ್ತೆ ಅದೇ ಪ್ರಶ್ನೆ ಇರಬೇಕೆಂದುಕೊಂಡು ಎತ್ತಿದೆ. ಆ ಕಡೆಯಿಂದ ಮಾತಿಗಿಂತ ಮೊದಲು ನೀರಿನ ಭೋರ್ಗರೆತ ಕೇಳಿಸಿತು. ‘ಅಣ್ಣಾ, ನಾನು, ಫೆಬ್ರವರೀಲಿ ಕಾರು ತಂದಿದ್ನಲ್ಲ. ಊರಿಗೆ ಬಂದಿದೀನಿ. ಕೇಳಿಸ್ತೈತಾ? ನಿಮ್ಮ ಬೆಟ್ಟದ ನೀರು ಬಂದೈತೆ.’