ಹುಳುಕು ಹಲ್ಲಿಗೆ ಯಾವ ಫಿಲ್ಲಿಂಗ್?

ನನ್ನ ಬಾಯಿಯಲ್ಲಿ ಏಕಕಾಲಕ್ಕೆ ಎರಡು ಹಲ್ಲುಗಳು ಕೆಟ್ಟಿರುವುದು ಕಳೆದ ತಪಾಸಣೆಯಲ್ಲಿ ಗೊತ್ತಾಯಿತು. ಕೆಳಗಿನ ದವಡೆ ಹಲ್ಲೊಂದರಲ್ಲಿ, ಪಕ್ಕದ ಹಲ್ಲಿಗೆ ತಾಗುವ ಮಗ್ಗುಲಲ್ಲಿ, ಎಕ್ಸ್‌ರೇಯಲ್ಲಷ್ಟೇ ಕಾಣುವಂತಹ ಹುಳುಕು ಇತ್ತು. ಮೇಲಿನ ಸಾಲಿನ ಇನ್ನೊಂದು ಹಲ್ಲು ಒಸಡಿನ ಅಂಚಿನಲ್ಲಿ ಸವೆದು ಕುಳಿಬಿದ್ದಿತ್ತು. ಯಾವುದರಿಂದ ತುಂಬಿಸುವುದು ಎಂಬ ಮಾತು ಬಂದಾಗ, ಎಲ್ಲವನ್ನೂ ಓದಿ ತಿಳಿದವನಂತೆ, ಎರಡಕ್ಕೂ ಹಲ್ಲಿನ ಬಣ್ಣದ್ದನ್ನೇ ಹಾಕಿಬಿಡಿ ಎಂದೆ. ದಂತವೈದ್ಯೆ ಕನ್ನಡಿ ಹಿಡಿದು ಮತ್ತೊಮ್ಮೆ ನೋಡಿ, "ಬಣ್ಣದ ವಿಷಯ ಆಮೇಲೆ ನೋಡೋಣ ಸರ್, ಈ ಜಾಗವನ್ನು ಹತ್ತು ನಿಮಿಷ ಒಣಗಿಸಿ ಇಟ್ಟುಕೊಳ್ಳಲು ಆಗುತ್ತದೆಯೇ ಅನ್ನುವುದು ಮೊದಲ ಪ್ರಶ್ನೆ" ಎಂದರು. ಫಿಲ್ಲಿಂಗ್‌ಗಳಲ್ಲಿ ಯಾವುದು ಶ್ರೇಷ್ಠ ಎಂದು ಹುಡುಕುತ್ತಿದ್ದ ನನಗೆ, ಆಯ್ಕೆ ಮಾಡುವುದು ನಾನಲ್ಲ, ಬಹುಮಟ್ಟಿಗೆ ಕುಳಿ ಇರುವ ಜಾಗವೇ ಎಂಬುದು ಅಲ್ಲಿಂದ ಒಂದೊಂದಾಗಿ ಅರ್ಥವಾಗುತ್ತ ಹೋಯಿತು.

ಹಲ್ಲಿನ ಬಣ್ಣದ ಫಿಲ್ಲಿಂಗ್ ಎಂದು ನಾವು ಕರೆಯುವುದು ಸಾಮಾನ್ಯವಾಗಿ ಕಾಂಪೋಸಿಟ್ ಅನ್ನು. ಅದು ಗಾಜಿನಂತಹ ಖನಿಜದ ಅತಿಸೂಕ್ಷ್ಮ ಪುಡಿಯನ್ನು ರಾಳದಲ್ಲಿ ಕಲಸಿದ ಹಿಟ್ಟು. ಈ ರಾಳಕ್ಕೆ ಅಡಿಪಾಯ ಹಾಕಿದ್ದು 1962ರಲ್ಲಿ ಅಮೆರಿಕದ ದಂತವಿಜ್ಞಾನಿ ರಾಫೆಲ್ ಬೋವೆನ್ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ಸಂಯುಕ್ತ. ಆದರೆ ರಾಳ ತಾನಾಗಿ ಹಲ್ಲಿಗೆ ಅಂಟುವುದಿಲ್ಲ. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬ ದಂತವಿಜ್ಞಾನಿ ತೋರಿಸಿಕೊಟ್ಟಂತೆ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿ ತೊಳೆದರೆ ಅದರ ನುಣುಪು ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳು ಏಳುತ್ತವೆ. ತೆಳುವಾದ ಅಂಟುದ್ರವ ಆ ತಗ್ಗುಗಳೊಳಗೆ ಇಳಿದು ಗಟ್ಟಿಯಾದಾಗ ಹಿಡಿತ ಸಿಗುತ್ತದೆ. ತಗ್ಗುಗಳಲ್ಲಿ ಅಂಟಿಗಿಂತ ಮೊದಲು ಜೊಲ್ಲೋ ರಕ್ತವೋ ತುಂಬಿಕೊಂಡರೆ ಉಳಿದ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ವ್ಯರ್ಥ. ವೈದ್ಯೆ ಒಣಗಿಸುವ ಮಾತನ್ನು ಮೊದಲು ಎತ್ತಿದ್ದು ಇದಕ್ಕಾಗಿ.

ಕಾಂಪೋಸಿಟ್‌ನ ಇನ್ನೊಂದು ಸ್ವಭಾವವೆಂದರೆ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವಾಗ ಅದು ಸ್ವಲ್ಪ ಕುಗ್ಗುತ್ತದೆ. ಗಾತ್ರದಲ್ಲಿ ಶೇಕಡ 2ರಿಂದ 3ರಷ್ಟು ಕುಗ್ಗುವುದು ಕೇಳಲು ಅಲ್ಪವೆನಿಸಿದರೂ, ಸುತ್ತಲಿನ ಗೋಡೆಗಳಿಗೆ ಅಂಟಿಕೊಂಡೇ ಕುಗ್ಗುವುದರಿಂದ ಆ ಎಳೆತಕ್ಕೆ ಅಂಚಿನಲ್ಲಿ ಎಲ್ಲಾದರೂ ಕೂದಲೆಳೆಯ ಸಂದು ಬಿಟ್ಟುಕೊಳ್ಳಬಹುದು, ಮುಂದೆ ಅಲ್ಲಿಂದಲೇ ಹೊಸ ಹುಳುಕು ಶುರುವಾಗಬಹುದು. ಆಳವಾದ ಕುಳಿಯನ್ನು ಒಮ್ಮೆಲೇ ತುಂಬದೆ ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬುವುದಕ್ಕೆ ಈ ಎಳೆತವೂ ಒಂದು ಕಾರಣ, ಬೆಳಕು ಅದಕ್ಕಿಂತ ಕೆಳಗೆ ಸರಿಯಾಗಿ ಇಳಿಯದಿರುವುದು ಇನ್ನೊಂದು. ಹೆಚ್ಚು ದಪ್ಪಕ್ಕೆ ಒಗ್ಗುವ ಹೊಸ ಬಗೆಗಳೂ ಬಂದಿವೆ. ಒಟ್ಟಿನಲ್ಲಿ ಇದು ತಾಳ್ಮೆ ಬೇಡುವ ವಸ್ತು. ಅವಸರದ ಕೈಗೆ ಸಿಕ್ಕ ಕಾಂಪೋಸಿಟ್ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ ಎಂಬುದೇ ಅದರ ತೊಂದರೆ.

ಇಷ್ಟು ಕೇಳಿದ ಮೇಲೆ, ನಾನು ಹಳೆಯ ಕಾಲದ್ದೆಂದು ತಳ್ಳಿಹಾಕಿದ್ದ ಬೆಳ್ಳಿ ಫಿಲ್ಲಿಂಗ್ ಬಗ್ಗೆ ಗೌರವ ಹುಟ್ಟಿತು. ಅಮಾಲ್ಗಂ ಎನ್ನುವ ಈ ಮಿಶ್ರಲೋಹದ ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಇದು ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಗಡಿಗೆಯಂತೆ ಕುಳಿಯನ್ನು ಕೊರೆದು, ಒಳಗೆ ತುರುಕಿದ ಲೋಹ ಹೊರಬರದಂತೆ ಮಾಡಬೇಕು. ಅಂದರೆ ಹುಳುಕಿಲ್ಲದ ಹಲ್ಲನ್ನೂ ಒಂದಿಷ್ಟು ಬಲಿಕೊಡಬೇಕಾಗುತ್ತದೆ. ಅದಕ್ಕೆ ಪ್ರತಿಯಾಗಿ ಅದು ಕೊಡುವುದು ಬಾಳಿಕೆ. ತೇವದ ವಿಷಯದಲ್ಲಿ ಕಾಂಪೋಸಿಟ್‌ನಷ್ಟು ಸೂಕ್ಷ್ಮವಲ್ಲ, ಅಗಿಯುವ ಭಾರವನ್ನು ಹೊರುತ್ತದೆ, ಕಾಲಕ್ರಮದಲ್ಲಿ ತನ್ನದೇ ತುಕ್ಕಿನಿಂದ ಅಂಚಿನ ಸಂದನ್ನು ಮುಚ್ಚಿಕೊಳ್ಳುತ್ತದೆ. ಹಿಂದಿನ ಹಲ್ಲುಗಳ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೋಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಅಮಾಲ್ಗಂಗೆ ಹೋಲಿಸಿದರೆ ಕಾಂಪೋಸಿಟ್ ಫಿಲ್ಲಿಂಗ್‌ಗಳು ವಿಫಲವಾಗುವ ಸಾಧ್ಯತೆಯೂ ಅವುಗಳ ಅಂಚಿನಲ್ಲಿ ಮತ್ತೆ ಹುಳುಕು ಹತ್ತುವ ಸಾಧ್ಯತೆಯೂ ಹೆಚ್ಚು ಎಂದೇ ಕಂಡುಬಂತು.

ಹಾಗಿದ್ದರೂ ಅಮಾಲ್ಗಂ ಹಿಂದೆ ಸರಿಯುತ್ತಿದೆ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅಮಾಲ್ಗಂ ಅನ್ನೂ ಹಂತಹಂತವಾಗಿ ಕಡಿಮೆ ಮಾಡಲು ಹೇಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜನವರಿಯಿಂದ, ವೈದ್ಯಕೀಯ ಅಗತ್ಯದ ಸಂದರ್ಭಗಳನ್ನು ಬಿಟ್ಟರೆ, ಅದರ ಬಳಕೆ ನಿಂತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ಮುಂತಾದವರಿಗೆ ಸಾಧ್ಯವಾದಲ್ಲಿ ಬೇರೆ ವಸ್ತು ಬಳಸುವಂತೆ ಸಲಹೆ ನೀಡಿತು. ಅದೇ ಸಂಸ್ಥೆ, ಈಗಾಗಲೇ ಬಾಯಿಯಲ್ಲಿ ಗಟ್ಟಿಯಾಗಿ ಕುಳಿತಿರುವ ಅಮಾಲ್ಗಂ ಅನ್ನು ಭಯದಿಂದ ತೆಗೆಸಬಾರದು ಎಂದೂ ಹೇಳಿದೆ, ಏಕೆಂದರೆ ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಸವೆಯುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಹಾಕಿಸಿಕೊಂಡ ಇಂತಹದೊಂದು ನನ್ನ ಬಾಯಿಯಲ್ಲೂ ಇದೆ. ನೋಡಲು ಚೆನ್ನಾಗಿಲ್ಲ, ಇದನ್ನೂ ಬದಲಿಸಿಬಿಡೋಣವೇ ಎಂದು ಕೇಳಿದ್ದಕ್ಕೆ, "ನೀವು ಆಕಳಿಸುವಾಗ ಮಾತ್ರ ಕಾಣುವುದನ್ನು ಯಾಕೆ ಕೆದಕಬೇಕು?" ಎಂದು ವೈದ್ಯೆ ನಕ್ಕುಬಿಟ್ಟರು.

ಒಸಡಿನ ಅಂಚಿನ ಕುಳಿಯ ಲೆಕ್ಕವೇ ಬೇರೆ. ಅಲ್ಲಿ ಎನಾಮೆಲ್ ತೆಳುವಾಗುತ್ತ ಬಂದು ಮುಗಿದೇ ಹೋಗುತ್ತದೆ, ಕುಳಿಯ ಒಸಡಿನ ಕಡೆಯ ಅಂಚು ಬೇರಿನ ಮೇಲೆ ನಿಲ್ಲುತ್ತದೆ, ಒಸಡಿನಿಂದ ಸದಾ ತೇವ ಜಿನುಗುತ್ತಿರುತ್ತದೆ. ಆ ಜಾಗಕ್ಕೆ ಅವರು ಸೂಚಿಸಿದ್ದು ಗ್ಲಾಸ್ ಐಯನೊಮರ್. ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು 1970ರ ಆಸುಪಾಸಿನಲ್ಲಿ ರೂಪಿಸಿದ ಈ ಸಿಮೆಂಟು ಗಾಜಿನ ಪುಡಿ ಮತ್ತು ಒಂದು ಬಗೆಯ ಆಮ್ಲ ಸೇರಿ ಗಟ್ಟಿಯಾಗುವಂಥದ್ದು. ಇದರ ದೊಡ್ಡ ಗುಣವೆಂದರೆ, ಹಲ್ಲಿನಲ್ಲಿರುವ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ತಾನೇ ಬೆಸೆದುಕೊಳ್ಳುತ್ತದೆ. ಹಾಗಾಗಿ ಒಂದಿಷ್ಟು ತೇವಕ್ಕೆ ಕಾಂಪೋಸಿಟ್‌ನಷ್ಟು ಹೆದರುವುದಿಲ್ಲ. ಫ್ಲೋರೈಡ್ ಅನ್ನೂ ನಿಧಾನವಾಗಿ ಬಿಡುತ್ತಿರುತ್ತದೆ. ಕೊರತೆ ಇರುವುದು ಗಟ್ಟಿತನದಲ್ಲಿ: ಅಗಿಯುವ ಮೇಲ್ಮೈಯಲ್ಲಿ ಹಾಕಿದರೆ ಬೇಗ ಸವೆಯಬಹುದು, ಅಂಚು ಮುರಿಯಬಹುದು. ಒಸಡಿನ ಪಕ್ಕದಲ್ಲಿ ಅಷ್ಟು ನೇರವಾದ ಭಾರ ಬೀಳುವುದಿಲ್ಲ. ರಾಳ ಬೆರೆಸಿದ ಐಯನೊಮರ್ ಬಣ್ಣದಲ್ಲೂ ಬಲದಲ್ಲೂ ತುಸು ಮೇಲು. ನನಗೆ ಹಾಕಿದ್ದು ಅದನ್ನೇ. ಬಣ್ಣ ಸ್ವಲ್ಪ ಮಂಕು, ಕಾಂಪೋಸಿಟ್‌ನ ಹೊಳಪಿಲ್ಲ, ಆದರೆ ಅದನ್ನು ಹುಡುಕಿ ನೋಡುವವನು ನಾನೊಬ್ಬನೇ.

ಚಿನ್ನ, ಸಿರಾಮಿಕ್ ಕುರಿತು ಹೆಚ್ಚು ಹೇಳಲಾರೆ. ಅವನ್ನು ಬಾಯಿಯ ಹೊರಗೆ ಅಚ್ಚಿನ ಅಳತೆಗೆ ತಯಾರಿಸಿ ತಂದು ಅಂಟಿಸುತ್ತಾರೆ. ಹಲ್ಲಿನ ಬಹುಭಾಗ ಹೋಗಿ, ಉಳಿದ ಗೋಡೆಗಳು ತೆಳುವಾಗಿರುವಾಗ ಅವುಗಳ ಮಾತು ಬರುತ್ತದೆ. ನನ್ನ ಕುಳಿ ಆ ಹಂತಕ್ಕೆ ಹೋಗಿರಲಿಲ್ಲ.

ಕೊನೆಗೆ ದವಡೆ ಹಲ್ಲಿಗೆ ಕಾಂಪೋಸಿಟ್ಟೇ ಬಂತು, ಆದರೆ ನಾನು ಕೇಳಿದ ಕಾರಣಕ್ಕಲ್ಲ. ಹುಳುಕನ್ನು ಕೊರೆದ ಮೇಲೂ ಕುಳಿಯ ಅಂಚು ಒಸಡಿಗಿಂತ ಮೇಲೆಯೇ, ಎನಾಮೆಲ್‌ನಲ್ಲೇ ಉಳಿದಿತ್ತು. ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯನ್ನು ಹಲ್ಲಿನ ಸುತ್ತ ಬಿಗಿದು ಜೊಲ್ಲನ್ನು ತಡೆಯಲು ಸಾಧ್ಯವಿತ್ತು. ಅಂಚು ಇನ್ನೂ ಕೆಳಗೆ ಇಳಿದಿದ್ದರೆ ಬೇರೆ ದಾರಿ ಯೋಚಿಸಬೇಕಾಗುತ್ತಿತ್ತು ಎಂದು ಅವರು ಮೊದಲೇ ಹೇಳಿದ್ದರು. ರಬ್ಬರ್ ಹಾಳೆ ಹಾಕಿಸಿಕೊಳ್ಳುವುದು ಹಿತವಾದ ಅನುಭವವಲ್ಲ, ಉಸಿರು ಕಟ್ಟಿದಂತೆ ಭಾಸವಾಗುತ್ತದೆ. ಆದರೂ ಕಾಂಪೋಸಿಟ್ ಹಾಕಿಸಿಕೊಳ್ಳುವವರು ಬೇರೆ ಯಾವುದನ್ನೂ ಕೇಳದಿದ್ದರೂ, ಹಲ್ಲನ್ನು ಹೇಗೆ ಒಣಗಿಸಿ ಇಡುತ್ತೀರಿ ಎಂಬುದೊಂದನ್ನು ಕೇಳಬೇಕು ಎಂದು ನನಗನ್ನಿಸುತ್ತದೆ.

ಆ ರಾತ್ರಿ ಮರಗಟ್ಟಿದ್ದು ಇಳಿದ ಮೇಲೆ ಹಲ್ಲು ಕಚ್ಚಿದರೆ ದವಡೆ ಹಲ್ಲು ಮೊದಲು ತಾಗುತ್ತಿತ್ತು, ತಣ್ಣೀರಿಗೆ ಜುಮ್ಮೆನ್ನುತ್ತಿತ್ತು. ಕುರ್ಚಿಯಲ್ಲಿದ್ದಾಗ ಮರಗಟ್ಟಿದ ಬಾಯಿಗೆ ಫಿಲ್ಲಿಂಗ್ ಎತ್ತರವಾಗಿರುವುದು ತಿಳಿದಿರಲಿಲ್ಲ. ತಾನಾಗಿ ಹೊಂದಿಕೊಳ್ಳುತ್ತದೆಂದು ನಾಲ್ಕು ದಿನ ಸುಮ್ಮನಿದ್ದು ತಪ್ಪು ಮಾಡಿದೆ. ಐದನೆಯ ದಿನ ಹೋದಾಗ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಎರಡು ನಿಮಿಷ ಉಜ್ಜಿ ಸರಿಮಾಡಿದರು. ಮೇಲಿನ ಹಲ್ಲನ್ನು ಸವೆಸಿದ್ದು ಅಡ್ಡಡ್ಡ ಒತ್ತಿ ತಿಕ್ಕುವ ನನ್ನ ಅಭ್ಯಾಸವೇ ಇರಬೇಕೆಂದು ಹೇಳಿ, ಮೆದುವಾದ ಬ್ರಷ್ ಹಿಡಿಯುವ ಬಗೆಯನ್ನು ಮಗುವಿಗೆ ಕಲಿಸುವಂತೆ ಕಲಿಸಿ ಕಳುಹಿಸಿದರು. ಹಳೆಯ ಬೆಳ್ಳಿ ಫಿಲ್ಲಿಂಗ್ ಇದ್ದಲ್ಲೇ ಇದೆ. ಮುಂದಿನ ತಪಾಸಣೆಯಲ್ಲಿ ಅದರ ಅಂಚನ್ನು ಮತ್ತೆ ನೋಡುತ್ತಾರಂತೆ.