ಉದ್ರಿ ಪುಸ್ತಕ

ಅಪ್ಪ ಹೋದಮೇಲೆ ಮೊದಲ ಸಲ ಇವತ್ತು ಗಲ್ಲಾಪೆಟ್ಟಿಗೆ ಕೆಳಗಿನ ಖಾನೆ ತೆಗೆದೆ. ಬರೀ ಉದ್ರಿ ಪುಸ್ತಕಗಳು. ಕೆಲವು ಹೆಸರುಗಳ ಮುಂದೆ ಬಾಕಿ ಬರೆದು, ಆಮೇಲೆ ಅಡ್ಡಗೆರೆ ಎಳೆದಿದ್ದಾರೆ. 'ಜಮಾ' ಅಂತ ಮಾತ್ರ ಎಲ್ಲೂ ಇಲ್ಲ. ಅಂದರೆ ದುಡ್ಡು ಬಂದಿಲ್ಲ, ಅಪ್ಪ ಕೇಳೋದು ಬಿಟ್ಟಿದ್ದಾರೆ. ಮನೆಯಲ್ಲಿ ಪೆನ್ನು ಕಳೆದರೂ ಲೆಕ್ಕ ಕೇಳುತ್ತಿದ್ದ ಮನುಷ್ಯ!

ಸಣ್ಣ ಊರಿನ ವ್ಯಾಪಾರವೇ ಹಾಗೆ. ಬೆಳಿಗ್ಗೆಯ ಗಿರಾಕಿ ಸಂಜೆ ದಾರಿಯಲ್ಲಿ ಎದುರಾಗುತ್ತಾನೆ, ಅವನ ಮಗ ನಮ್ಮ ಜೊತೆ ಶಾಲೆಗೆ ಬರುತ್ತಾನೆ. ವಸೂಲಿಗೆ ದನಿ ಏರಿಸಿದರೆ ಸಂಬಂಧ ಹೋಯಿತು, ಸುಮ್ಮನಿದ್ದರೆ ಬಂಡವಾಳ ಹೋಯಿತು. ಇದರ ನಡುವೆ 40 ವರ್ಷ ಹೇಗೆ ತೂಗಿಸಿದರೋ.

ಅಂಗಡಿ ಬಾಗಿಲು ಹಾಕಿದ್ದು ನನಗೆ ನೆನಪಿರುವಂತೆ ಎರಡೇ ಸಲ: ಅಕ್ಕನ ಮದುವೆಗೆ, ಅಜ್ಜಿ ತೀರಿಕೊಂಡಾಗ. ನನಗೆ ಶಾಲೆಯಲ್ಲಿ ಬಹುಮಾನ ಬಂದ ದಿನ ಅಪ್ಪ ಬಂದಿರಲಿಲ್ಲ. ಅದು ಈಗಲೂ ಸ್ವಲ್ಪ ಚುಚ್ಚುತ್ತೆ, ಸುಳ್ಳು ಯಾಕೆ ಹೇಳಲಿ.

ಅಮ್ಮನಿಗೆ ಪುಸ್ತಕ ತೋರಿಸಿದೆ. "ನನಗೆ ಕೊಡಬೇಕಾದ ಭಾನುವಾರಗಳ ಬಾಕಿ ಅದರಲ್ಲಿ ಬರೆದಿರಲ್ಲ ಬಿಡು" ಅಂತ ನಕ್ಕಳು, ಆಮೇಲೆ ಒಳಗೆ ಹೋದಳು.

ಕೊನೆಯ ಪುಟದಲ್ಲಿ ನನ್ನ ಹೆಸರಿದೆ. ಮುಂದೆ ಮೊತ್ತ ಇಲ್ಲ. ಕಾಲೇಜು ಫೀಸು ಕಟ್ಟಬೇಕಾದ ತಾರೀಕುಗಳು, ಅಷ್ಟೇ.